ಹಿಂದುಮುಂದಾಗಿ ಹತ್ತಿದ ಸೇತುವೆ

ಅಪ್ಪ ಕಾರು ಮಾರುತ್ತೇನೆಂದು ಹೇಳಿದ್ದು ಊಟದ ಹೊತ್ತಿನಲ್ಲಿ, ನಾನು ಅವರಿಗೆ ಸಾರು ಬಡಿಸುತ್ತಿದ್ದಾಗ. "ನನ್ನ ಕುತ್ತಿಗೆ ಹೋಯ್ತು ಮಾರಾಯ್ತಿ. ಇನ್ನು ಅದನ್ನ ಓಡ್ಸೂದು ಯಾರು?" ಅಂದರು. ಸೌಟು ಹಿಡಿದುಕೊಂಡು ಎದುರಿಗೇ ನಿಂತಿದ್ದೇನೆ. ಚೆನ್ನೈಯ ಟ್ರಾಫಿಕ್ಕಿನಲ್ಲಿ ದಿನಾ ಆಫೀಸಿಗೆ ಕಾರು ಓಡಿಸಿಕೊಂಡು ಹೋಗಿ ಬರುವವಳು ನಾನು. ಆದರೂ ಅವರ ಕಣ್ಣಿಗೆ ಬೀಳಲಿಲ್ಲ. ಮೈಯೆಲ್ಲ ಉರಿಯಿತು. ನಾನಿದ್ದೇನಲ್ಲ ಎಂದು ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ. ಅವರಾಗಿ ಕೇಳಬೇಕು ಎನ್ನುವ ಹಟ ನನ್ನದು. ಸಾರಿನ ಪಾತ್ರೆ ಕುಕ್ಕಿ ಒಳಗೆ ಹೋದೆ.

ಆ ಕಾರು ಅಜ್ಜನ ಕಾಲದ್ದು ಅಂದರೆ ಸಾಲದು. ಅಜ್ಜನ ಕೈಗೆ ಬರುವ ಹೊತ್ತಿಗೇ ಅದಕ್ಕೆ ವಯಸ್ಸಾಗಿತ್ತು. ಮೋಟಾರು ಎಂಬುದು ಈ ಊರಿಗೆ ಹೊಸದಾಗಿದ್ದಾಗ ಯಾರೋ ಡಾಕ್ಟರು ಹಡಗಿನಲ್ಲಿ ತರಿಸಿದ್ದಂತೆ. ಕುಂದಾಪುರದ ಕಡೆಯಿಂದ ಚೆನ್ನೈಗೆ ಬಂದು ಪ್ಯಾರೀಸ್ ಕಾರ್ನರಿನ ಹತ್ತಿರ ಹೋಟೆಲು ಹಾಕಿದ ಅಜ್ಜ ಅದನ್ನು ಕೊಂಡು, ಹಿಂದಿನ ಸೀಟು ಕಿತ್ತು, ದಿನಾ ಬೆಳಿಗ್ಗೆ ಬದನೆ ಕುಂಬಳ ಹೇರಿಕೊಂಡು ಬರುತ್ತಿದ್ದರು. ಸೀಟು ವಾಪಸು ಹಾಕಿಸಿದ್ದು ಅಪ್ಪ. ಹೋಟೆಲು ಈಗಿಲ್ಲ. ಕಾರು ಮಾತ್ರ ಕೀಲ್ಪಾಕಿನ ನಮ್ಮ ಮನೆಯ ಶೆಡ್ಡಿನಲ್ಲಿದೆ.

ಈಗಿನ ಕಾರು ಕಲಿತವರು ಅದರಲ್ಲಿ ಕೂತರೆ ತಲೆ ಕೆಡುತ್ತದೆ. ಮೂರು ಪೆಡಲ್ ಇವೆ, ಒಂದೂ ನಾವು ಅಂದುಕೊಂಡ ಕೆಲಸ ಮಾಡುವುದಿಲ್ಲ. ನಡುವಿನದನ್ನು ಒತ್ತಿದರೆ ಗಾಡಿ ಹಿಂದಕ್ಕೆ ಹೋಗುತ್ತದೆ. ವೇಗ ಹೆಚ್ಚಿಸುವುದು ಸ್ಟೇರಿಂಗಿನ ಕೆಳಗಿರುವ ಒಂದು ಪುಟ್ಟ ಹಿಡಿಯಿಂದ, ಕೈಯಲ್ಲಿ. ಸ್ಟಾರ್ಟ್ ಮಾಡಬೇಕಾದರೆ ಎದುರಿಗೆ ನಿಂತು ಹ್ಯಾಂಡಲ್ ತಿರುಗಿಸಬೇಕು. ಹೆಬ್ಬೆರಳನ್ನು ಹ್ಯಾಂಡಲಿಗೆ ಸುತ್ತಬಾರದು, ಅದು ತಿರುಗಿ ಒದ್ದರೆ ಕೈ ಮುರಿಯುತ್ತದೆ. ಆ ಹ್ಯಾಂಡಲ್ ನನ್ನ ಪಾಲು, ಸ್ಟೇರಿಂಗ್ ಅಪ್ಪನ ಪಾಲು. ಬೆವರು ಸುರಿಸುವುದಕ್ಕೆ ಮಗಳು ಬೇಕು, ಓಡಿಸುವುದಕ್ಕೆ ಬೇಡ.

ಕೊಳ್ಳುವವರು ನಮ್ಮ ಕಡೆಯವರೇ, ತಾಂಬರಂನ ಆಚೆ ಹೆದ್ದಾರಿಯಲ್ಲಿ ದೊಡ್ಡ ಹೋಟೆಲು ಕಟ್ಟಿಸಿದವರು. ಬಾಗಿಲಲ್ಲಿ ಕಾರು ನಿಲ್ಲಿಸಿ, ಸೀಟಿನ ಮೇಲೆ ಹೂಕುಂಡ ಇಟ್ಟು, ಬಂದವರು ಸೆಲ್ಫಿ ತೆಗೆದುಕೊಳ್ಳುವ ಹಾಗೆ ಮಾಡುವುದು ಅವರ ಆಲೋಚನೆ. ಆ ವಾರವೇ ತಾಂಬರಂನ ಒಂದು ಮೈದಾನದಲ್ಲಿ ಹಳೆಯ ಕಾರುಗಳ ಪ್ರದರ್ಶನವಿತ್ತು. ಅಪ್ಪ, ಕಡೆಯ ಸಲ ಅಲ್ಲಿಯವರೆಗೆ ನಾನೇ ಓಡಿಸಿ ತರುತ್ತೇನೆ, ಪ್ರದರ್ಶನ ಮುಗಿದ ಮೇಲೆ ಲಾರಿಗೆ ಹತ್ತಿಸಿಕೊಂಡು ಹೋಗಿ ಎಂದು ಒಪ್ಪಿಬಿಟ್ಟರು. ಮೈದಾನದವರು ಎಂಟು ಗಂಟೆಗೆ ಗೇಟು ಹಾಕುತ್ತಾರೆ, ಎಳೆದು ತಂದ ಗಾಡಿಯನ್ನು ಒಳಗೆ ಬಿಡುವುದಿಲ್ಲ.

ಭಾನುವಾರ ಬೆಳಿಗ್ಗೆ ಅಪ್ಪ ಸೀಟು ಎತ್ತಿ, ಅದರ ಕೆಳಗಿನ ಟ್ಯಾಂಕಿಗೆ ಮರದ ಕಡ್ಡಿ ಇಳಿಸಿ ಪೆಟ್ರೋಲ್ ಎಷ್ಟಿದೆ ಎಂದು ನೋಡಿದರು. ಕಡ್ಡಿಯ ತುದಿ ಮಾತ್ರ ಒದ್ದೆಯಾಗಿತ್ತು. "ತುಂಬಿಸಿಕೊಂಡು ಹೋಗುವ ಅಪ್ಪ" ಅಂದೆ.

"ತುಂಬ್ಸಿ ಕೊಡ್ಲಿಕ್ಕೆ ನಾನೆಂತ ಅವನ ಮಾವನಾ? ತಾಂಬರಂ ಮುಟ್ಲಿಕ್ಕೆ ಇದು ಧಾರಾಳ."

ಹೋಟೆಲಿನಲ್ಲಿ ಇಷ್ಟು ಎಲೆಗೆ ಇಷ್ಟು ಹುಳಿ ಎಂದು ಕಣ್ಣಳತೆಯಲ್ಲೇ ಹೇಳಿ ಬದುಕಿದವರ ಹತ್ತಿರ ವಾದ ಮಾಡಿ ಪ್ರಯೋಜನವಿಲ್ಲ. ಹ್ಯಾಂಡಲ್ ತಿರುಗಿಸಿ, ಓಡಿ ಬಂದು ಪಕ್ಕದಲ್ಲಿ ಕೂತೆ.

ಸುಳ್ಳು ಯಾಕೆ ಹೇಳಲಿ, ಗಿಂಡಿ ಜಂಕ್ಷನ್ನಿನವರೆಗೆ ನನಗೆ ಸಿಟ್ಟೇ ಮರೆತುಹೋಗಿತ್ತು. ಹಾಲಿನ ವ್ಯಾನಿನವನು ಕೈ ಬೀಸಿದ. ಸಿಟಿ ಬಸ್ಸಿನ ಡ್ರೈವರು ನಮಗೆ ದಾರಿ ಬಿಟ್ಟ, ಈ ಊರಿನಲ್ಲಿ ಅಂಥದ್ದು ನಡೆದದ್ದನ್ನು ನಾನು ಬೇರೆ ಯಾವತ್ತೂ ಕಂಡಿಲ್ಲ. ಅಪ್ಪ ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು, ಮದುಮಗನ ಹಾಗೆ ನೆಟ್ಟಗೆ ಕೂತು ಓಡಿಸುತ್ತಿದ್ದರು. ಆಮೇಲೆ ಮೇಲ್ಸೇತುವೆ ಬಂತು. ಅರ್ಧ ಹತ್ತುವುದರೊಳಗೆ ಇಂಜಿನ್ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು.

ಪೆಟ್ರೋಲ್ ಇತ್ತು, ಆದರೆ ಇಂಜಿನಿಗೆ ಮುಟ್ಟುತ್ತಿರಲಿಲ್ಲ. ಆ ಕಾಲದ ಕಾರಿಗೆ ಪೆಟ್ರೋಲ್ ಎತ್ತಿಕೊಡುವ ಪಂಪಿಲ್ಲ, ಟ್ಯಾಂಕಿನಿಂದ ತಾನಾಗಿ ಇಳಿದು ಹೋಗಬೇಕು. ಏರಿನಲ್ಲಿ ಮೂತಿ ಮೇಲಾದರೆ, ತಳದಲ್ಲಿರುವ ನಾಲ್ಕು ಹನಿ ಅಲ್ಲೇ ನಿಲ್ಲುತ್ತದೆ. ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಅಪ್ಪ ಕೇಳಿಸಿಕೊಂಡು, "ಆಯ್ತಾ? ಈಗ ತಿರುಗ್ಸಿ ರಿವರ್ಸಲ್ಲಿ ಹತ್ಸುವ. ಹಿಂದೆ ಎತ್ತರ ಆದ್ರೆ ಪೆಟ್ರೋಲ್ ಇಳೀತದೆ. ನನ್ನಪ್ಪ ಪರಂಗಿಮಲೆ ಗುಡ್ಡಕ್ಕೆ ಹೀಗೇ ಹತ್ತಿಸ್ತಿದ್ದದ್ದು, ಆಗಿನವರೆಲ್ಲ ಹೀಗೇ" ಅಂದರು. ಕೆಳಗಿನ ರಸ್ತೆಯನ್ನು ಮೆಟ್ರೋ ಕೆಲಸಕ್ಕೆ ಅಗೆದು ಮುಚ್ಚಿದ್ದರು, ಬೇರೆ ದಾರಿಯೇ ಇರಲಿಲ್ಲ.

ಬ್ರೇಕಿನ ಮೇಲೆ ಹಿಂದಕ್ಕೆ ಉರುಳಿಸಿಕೊಂಡು ಇಳಿಯುವಾಗಲೇ ಅಪ್ಪ ಎರಡು ಸಲ ಗೋಡೆಗೆ ತಾಗಿಸುವುದರಲ್ಲಿದ್ದರು. ಕುತ್ತಿಗೆ ತಿರುಗುವುದಿಲ್ಲ, ಆ ಕಾರಿಗೆ ಕನ್ನಡಿಯಿಲ್ಲ. ಬುಡ ಮುಟ್ಟುವಷ್ಟರಲ್ಲಿ ಬೈಕಿನಲ್ಲಿ ಒಬ್ಬ ಟ್ರಾಫಿಕ್ ಪೊಲೀಸ್ ಬಂದ. ಬೈಯುತ್ತಾನೆ ಅಂದುಕೊಂಡರೆ, ಅವನು ಹೆಲ್ಮೆಟ್ ತೆಗೆದು ಕಾರಿಗೆ ಒಂದು ಸುತ್ತು ಬಂದು, ನಮ್ಮ ಜೊತೆ ಸೇರಿ ಅದನ್ನು ತಳ್ಳಿ ತಿರುಗಿಸಿದ. ಈಗ ಮೂತಿ ಪ್ಯಾರೀಸ್ ಕಾರ್ನರ್ ಕಡೆ, ಹೋಗಬೇಕಾದದ್ದು ತಾಂಬರಂ ಕಡೆ. "ಎನ್ನಮ್ಮಾ ಇದು, ಎಂದ ಪಕ್ಕಂ ಪೋಗುದು?" ಎಂದು ಕೇಳಿದ. ಯಾವ ಕಡೆ ಹೋಗುತ್ತದೆಂದು ನನಗೂ ಖಾತ್ರಿಯಿರಲಿಲ್ಲ.

ಅಪ್ಪ ಸ್ಟೇರಿಂಗ್ ಹಿಡಿದು ಕೂತರು. ಹಿಂದೆ ನೋಡಲು ತಿರುಗಿದರು, ಆಗಲಿಲ್ಲ. ಇನ್ನೊಂದು ಪಕ್ಕದಿಂದ ತಿರುಗಿದರು, ಆಗಲಿಲ್ಲ. ಮೆಲ್ಲಗೆ ಇಳಿದು, "ಹತ್ತು" ಅಂದರು. ಅಷ್ಟೇ ಅಂದದ್ದು.

ನಾನು ಹತ್ತಿ ಸ್ಟೇರಿಂಗ್ ಹಿಡಿದೆ. ತಮಾಷೆಯೆಂದರೆ, ಆ ಕಾರಿನಲ್ಲಿ ನನಗೆ ಬರುತ್ತಿದ್ದದ್ದು ಹಿಂದಕ್ಕೆ ಓಡಿಸುವುದು ಒಂದೇ. ಅಪ್ಪ ಮಧ್ಯಾಹ್ನ ಮಲಗಿದಾಗ ತೊಳೆಯುವ ನೆವದಲ್ಲಿ ಶೆಡ್ಡಿನಿಂದ ರಿವರ್ಸಿನಲ್ಲಿ ಹೊರಗೆ ತರುತ್ತಿದ್ದೆ, ತೊಳೆದ ಮೇಲೆ ಕೈಯಲ್ಲಿ ತಳ್ಳಿ ಒಳಗೆ ಹಾಕುತ್ತಿದ್ದೆ. ಎಷ್ಟು ವರ್ಷದಿಂದ ಎಂದು ಕೇಳಬೇಡಿ.

ಹೆಬ್ಬೆರಳಿನ ವಿಷಯ ಹೇಳಿಸಿಕೊಂಡು ಪೊಲೀಸನೇ ಹ್ಯಾಂಡಲ್ ತಿರುಗಿಸಿದ. ಇಂಜಿನ್ ಹಿಡಿಯಿತು. ನಾನು ನಡುವಿನ ಪೆಡಲ್ ಒತ್ತಿ, ಹಿಂದೆ ತಿರುಗಿ ನೋಡುತ್ತ ಹತ್ತತೊಡಗಿದೆ. ಅಪ್ಪ ಪೊಲೀಸನ ಬೈಕಿನ ಹಿಂದೆ ಕೂತು, ಶಲ್ಯ ಬೀಸಿ ಬಸ್ಸು ಆಟೋಗಳನ್ನೆಲ್ಲ ಪಕ್ಕಕ್ಕೆ ಸರಿಸುತ್ತ, ನನ್ನ ಬಾನೆಟ್ಟಿನ ಎದುರಿಗೇ ಬರುತ್ತಿದ್ದರು. ಒಮ್ಮೊಮ್ಮೆ ಮುಂದೆ ತಿರುಗಿದಾಗ ಅವರ ಮುಖ ಕಾಣುತ್ತಿತ್ತು. ನಾನು ಆ ಕಾರು ಓಡಿಸುವುದನ್ನು ಅವರು ನೋಡಿದ್ದು ಅದೇ ಮೊದಲು. ಕಾರು ಒಮ್ಮೆಯೂ ಕೆಮ್ಮಲಿಲ್ಲ.

ತುದಿಯಲ್ಲಿ ಮತ್ತೆ ತಳ್ಳಿ ತಿರುಗಿಸಿದೆವು. ಪೊಲೀಸ್ ಕಾರಿನ ಜೊತೆ ಫೋಟೋ ತೆಗೆಸಿಕೊಂಡು ಹೋದ. ನಾನು ಇಳಿಯಬೇಕೋ ಕೂತಿರಬೇಕೋ ತಿಳಿಯದೆ ನೋಡುತ್ತಿದ್ದೆ. ಅಪ್ಪ ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಕೂತರು. "ಮುಂದಕ್ಕೆ ಹೋಗ್ಲಿಕ್ಕೆ ಎಡಗಾಲು ಪೂರ್ತಿ ಒತ್ತು. ಹೆದರ್ಬೇಡ" ಅಂದರು. ಸೇತುವೆ ಇಳಿದ ಕೂಡಲೇ ಪೆಟ್ರೋಲ್ ಬಂಕ್ ಸಿಕ್ಕಿತು. "ಒಂದು ಲೀಟರ್ ಸಾಕಲ್ಲ?" ಅಂದೆ, ಚುಚ್ಚುವುದಕ್ಕೇ. "ತುಂಬ್ಸು" ಅಂದರು.

ಎಂಟಕ್ಕೆ ಸ್ವಲ್ಪ ಮೊದಲು ಮೈದಾನ ಮುಟ್ಟಿದೆವು. ಕೊಳ್ಳುವವರು ಸ್ವೀಟ್ ಬಾಕ್ಸ್ ಹಿಡಿದು ಗೇಟಿನಲ್ಲೇ ಕಾಯುತ್ತಿದ್ದರು. ನೇರ ಅಪ್ಪನ ಹತ್ತಿರ ಬಂದು, "ಲಾರಿ ರೆಡಿ ಉಂಟು. ಮಧ್ಯಾಹ್ನ ಹತ್ಸುವನಾ?" ಅಂದರು.

"ನನ್ನ ಹತ್ರ ಎಂತ ಕೇಳೂದು? ಡ್ರೈವರ್ ಹತ್ರ ಕೇಳಿ."

ಅವರು ಡ್ರೈವರನ್ನು ಹುಡುಕಿ ಅತ್ತಿತ್ತ ನೋಡಿದರು. "ನಾನೇ" ಅಂದೆ. "ಕೊಡುವುದಿಲ್ಲ. ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ." ಅವರು ತಮಾಷೆ ಎಂದು ನಕ್ಕರು. ಅಪ್ಪ ನಗದ್ದನ್ನು ನೋಡಿ, ಮುಖ ಸಣ್ಣದು ಮಾಡಿಕೊಂಡು ಲಾರಿಯವನಿಗೆ ಫೋನ್ ಮಾಡಲು ಆಚೆ ಹೋದರು.

ಅಪ್ಪ ನನ್ನ ಕಡೆ ನೋಡಲು ಇಡೀ ಮೈ ತಿರುಗಿಸಿ ಕೂತರು. "ಬೇಕು ಅಂತ ಒಂದು ಮಾತು ಹೇಳ್ಲಿಕ್ಕೆ ನಿಂಗೆ ಎಂತ ಆಗಿತ್ತು?"

"ಬೇಕಾ ಅಂತ ಒಂದು ಮಾತು ಕೇಳ್ಲಿಕ್ಕೆ ನಿಮಗೆ ಎಂತ ಆಗಿತ್ತು?"

ಅವರು ಕುತ್ತಿಗೆಯ ಪಟ್ಟಿ ಸರಿಮಾಡಿಕೊಂಡರು. ನಾನು ಸ್ಟೇರಿಂಗ್ ಬಿಡಲಿಲ್ಲ.

"ಈಗ ಕೇಳ್ತೇನೆ" ಅಂದರು ಅಪ್ಪ. "ನಿಂಗೆ ಬೇಕಾ?"

"ಬೇಕು" ಅಂದೆ.