ಹನ್ನೊಂದು ಅಜ್ಜಿಯರ ಬಾಣಂತನ

ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಿದವಳಿಗೆ ಮುದುಕಿಯರ ಮನಸ್ಸು ಗೊತ್ತಿರುತ್ತದೆ ಎಂದು ವೈಟ್‌ಫೀಲ್ಡಿನ ಆ ವೃದ್ಧಾಶ್ರಮದ ಮಂಡಳಿಯವರು ನಂಬಿದ್ದರು. ನಾನೂ ನಂಬಿದ್ದೆ. ಎಂಬತ್ತರ ದಶಕದ ಆರಂಭ, ನನಗೆ ಇಪ್ಪತ್ತನಾಲ್ಕು ವರ್ಷ. ಹನ್ನೊಂದು ಹೆಂಗಸರಿದ್ದ ಆ ಹೆಂಚಿನ ಮನೆಗೆ ನಾನು ಸಹಾಯಕ ಮೇಲ್ವಿಚಾರಕಿ. ಮೇಲ್ವಿಚಾರಕಿ ಅಂತ ಬೇರೆ ಯಾರೂ ಇರಲಿಲ್ಲವಾದ್ದರಿಂದ ನಾನು ಯಾರಿಗೆ ಸಹಾಯಕಿ ಎನ್ನುವುದು ಕೊನೆಯವರೆಗೂ ತಿಳಿಯಲಿಲ್ಲ. ಹಾಲು ತರಿಸುವುದು, ಅಗಸನಿಗೆ ಬಟ್ಟೆ ಬರೆದು ಕೊಡುವುದು, ಡಾಕ್ಟರಿಗೆ ಕುರ್ಚಿ ಹಾಕುವುದು, ಇವೆಲ್ಲ ನನ್ನ ಕೆಲಸ. ಇದರ ಜೊತೆಗೆ ನಿವಾಸಿಗಳ ಮಾನಸಿಕ ನೆಮ್ಮದಿಯ ಬಗ್ಗೆ ವರ್ಷದ ಕೊನೆಗೆ ಒಂದು ವರದಿ.

ಆಗಿನ ನನ್ನ ದಿನಚರಿ ಈಗಲೂ ಇದೆ. ಅದನ್ನು ಪೂರ್ತಿ ನಂಬಬೇಡಿ. ಅದರ ಪ್ರಕಾರ ನಾನು ಬಹಳ ತಾಳ್ಮೆಯ ಹುಡುಗಿ. ನನ್ನ ನೆನಪನ್ನೂ ನಂಬಬೇಡಿ. ಈ ಕಥೆಯನ್ನು ಹತ್ತಾರು ಸಲ ಬೇರೆ ಬೇರೆ ಜನರಿಗೆ ಹೇಳಿ, ಅವರು ನಕ್ಕ ಕಡೆ ಸ್ವಲ್ಪ ಸ್ವಲ್ಪ ಉಬ್ಬಿಸಿಕೊಂಡು ಬಂದಿದ್ದೇನೆ.

ವರದಿಗಾಗಿ ನಾನು ಇಪ್ಪತ್ತೈದು ಪ್ರಶ್ನೆಗಳ ಪಟ್ಟಿ ತಯಾರಿಸಿದ್ದೆ. ಒಂಟಿತನ ಕಾಡುತ್ತದೆಯೇ: ಯಾವಾಗಲೂ, ಆಗಾಗ, ಅಪರೂಪಕ್ಕೆ, ಇಲ್ಲವೇ ಇಲ್ಲ. ಮಾರತ್ತಹಳ್ಳಿ ಅಜ್ಜಿಯನ್ನು ಹೀಗೆ ಕೇಳಿದಾಗ ಸಾರಿಗೆ ಹುಣಸೆಹಣ್ಣು ಜಾಸ್ತಿಯಾಯಿತು ಎಂದರು. ಇವರು ಒಂಬತ್ತು ಹೆತ್ತವರು, ಮೂವರು ಸೊಸೆಯರ ಜೊತೆ ಒಂದೇ ದಿನ ಜಗಳವಾಡಿ ತಾವಾಗಿಯೇ ಬಸ್ಸು ಹತ್ತಿ ನಮ್ಮಲ್ಲಿಗೆ ಬಂದವರು. ಇನ್ನೊಬ್ಬರು ನನ್ನ ತಲೆ ಸವರಿ, ನಿನಗೆ ಮದುವೆ ಯಾವಾಗ, ಯಾವಾಗಲೋ, ಆಗಾಗಲೋ ಎಂದು ಕೇಳಿದರು. ಪಟ್ಟಿಯನ್ನು ಎತ್ತಿಟ್ಟೆ.

ವಾರಕ್ಕೊಮ್ಮೆ ಬರುತ್ತಿದ್ದ ಡಾಕ್ಟರು ಹನ್ನೊಂದು ಜನರ ಮೊಣಕಾಲು, ಸೊಂಟ, ಭುಜಗಳ ಕಥೆ ಕೇಳಿ ಸಾಕಾಗಿ ಎಲ್ಲರಿಗೂ ಸೇರಿಸಿ ಒಂದೇ ಚೀಟಿ ಬರೆದರು: ಯಾರಿಂದಲಾದರೂ ಎಣ್ಣೆ ಹಚ್ಚಿಸಿ ನೀವಿಸಿ. ಅಡುಗೆಯವಳು ಪಟ್ಟಂದೂರು ಅಗ್ರಹಾರದಲ್ಲಿ ಒಬ್ಬಳಿದ್ದಾಳೆ ಎಂದಳು. ಶನಿವಾರ ಬೆಳಿಗ್ಗೆ ಆಕೆ ಹೊಲದ ಬದುವಿನ ಮೇಲೆ ನಡೆದುಕೊಂಡೇ ಬಂದಳು. ಐವತ್ತರ ಗಟ್ಟಿ ಹೆಂಗಸು, ಕೈಯಲ್ಲಿ ಹರಳೆಣ್ಣೆಯ ಡಬ್ಬ. ಸಂದರ್ಶನ ಮಾಡದೆ ಬಿಡುವುದು ಸರಿಯಲ್ಲವೆಂದು ನಾನು ಆಕೆಯನ್ನು ಕೂರಿಸಿ, ವಯಸ್ಸಾದವರ ಜೊತೆ ಅನುಭವ ಇದೆಯೇ ಎಂದು ಕೇಳಿದೆ.

"ಮುದುಕ್ರಿಗೆ ಯಾರು ನೀರಾಕ್ತಾರೆ ಮೇಡಮ್ಮ? ನಂಗೊತ್ತಿರೋದು ಎರಡೇ ಮೈ. ಬಾಣಂತಿ ಮೈ, ಕೂಸಿನ ಮೈ."

ವಿನಯಕ್ಕೆ ಹೇಳುತ್ತಿದ್ದಾಳೆ ಎಂದುಕೊಂಡೆ. ನಿಜವಾಗಿಯೂ ಆಕೆಗೆ ಗೊತ್ತಿದ್ದದ್ದು ಅವೆರಡೇ. ಸುತ್ತಲಿನ ಹಳ್ಳಿಗಳ ಬಾಣಂತಿಯರಿಗೂ ಮಕ್ಕಳಿಗೂ ಎಣ್ಣೆ ತಿಕ್ಕಿ ನೀರು ಹಾಕುವುದು ಆಕೆಯ ಕೆಲಸ. ನಮ್ಮ ಅಜ್ಜಿಯರಿಗೂ ಅದನ್ನೇ, ಒಂದಕ್ಷರ ಬಿಡದೆ ಮಾಡಿದಳು. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ, ಹಿತ್ತಿಲ ಬಚ್ಚಲಲ್ಲಿ ನೀಲಗಿರಿ ಸೌದೆಯ ಉರಿ, ಹಂಡೆಯ ತುಂಬ ಸುಡುವ ನೀರು, ಸೀಗೆಕಾಯಿ, ಆಮೇಲೆ ಸಾಂಬ್ರಾಣಿ ಹೊಗೆ. ಸೊಂಟಕ್ಕೆ ಹಳೆ ಸೀರೆ ಬಿಗಿದು ಕಟ್ಟಿ, ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಸುತ್ತಿ, ಕಂಬಳಿ ಹೊದಿಸಿ ಬೆವರಲು ಮಲಗಿಸುವುದು. ಮೊದಲ ಶನಿವಾರ ಮಧ್ಯಾಹ್ನ ಮಂಡಳಿಯ ಸದಸ್ಯರೊಬ್ಬರು ಹೇಳದೆ ಕೇಳದೆ ಬಂದವರು, ಸಾಲಾಗಿ ಮಲಗಿದ್ದ ಮೂಟೆಗಳನ್ನು ನೋಡಿ, ಏನಾದರೂ ಅಂಟುಜಾಡ್ಯವೇ ಎಂದು ಬಾಗಿಲಲ್ಲೇ ನಿಂತು ಕೇಳಿದರು.

ಎಣ್ಣೆ ಕೈಗೆ ಸುರಿದುಕೊಳ್ಳುವ ಮುಂಚೆ ಆಕೆ ಪ್ರತಿಯೊಬ್ಬರನ್ನೂ ಒಂದು ಪ್ರಶ್ನೆ ಕೇಳುತ್ತಿದ್ದಳು: ಎಷ್ಟು ಹೆರಿಗೆ? ಒಂದು ಹೆರಿಗೆಯ ಸೊಂಟವೇ ಬೇರೆ, ಏಳು ಹೆರಿಗೆಯ ಸೊಂಟವೇ ಬೇರೆ, ತಿಕ್ಕುವ ಲೆಕ್ಕ ತಪ್ಪಬಾರದು ಎನ್ನುವುದು ಆಕೆಯ ವಾದ. ಇಪ್ಪತ್ತೈದು ಪ್ರಶ್ನೆಗಳಿಂದ ನನಗೆ ಆಗದ್ದು ಆ ಒಂದು ಪ್ರಶ್ನೆಯಿಂದ ಆಯಿತು. ಏಳು ಎಂದವರು ಏಳರ ಕಥೆಯನ್ನೂ ಹೇಳಿದರು. ಸೂಲಗಿತ್ತಿ ಬರುವ ಮೊದಲೇ ಹುಟ್ಟಿದ್ದು, ಹುಟ್ಟಿ ಮೂರು ದಿನಕ್ಕೆ ಹೋದದ್ದು, ಗಂಡ ಆ ಹೊತ್ತಿಗೆ ಎಲ್ಲಿ ಇಸ್ಪೀಟು ಆಡುತ್ತಿದ್ದ ಎನ್ನುವುದು. ಕಿಟಕಿ ತೆರೆಯುವ ವಿಷಯಕ್ಕೆ ಆರು ತಿಂಗಳು ಮಾತು ಬಿಟ್ಟಿದ್ದ ಇಬ್ಬರು, ತಾವಿಬ್ಬರೂ ಎತ್ತಿನ ಗಾಡಿಯಲ್ಲೇ ಹೆತ್ತವರು ಎಂದು ತಿಳಿದು ಮತ್ತೆ ಮಾತಾಡತೊಡಗಿದರು. ಗಂಡಂದಿರ ಬಗ್ಗೆ ಅವರಾಡಿದ ಕೆಲವು ಮಾತುಗಳನ್ನು ನಾನು ದಿನಚರಿಯಲ್ಲಿ ಚುಕ್ಕಿ ಹಾಕಿ ಬಿಟ್ಟಿದ್ದೇನೆ. ಈಗ ಆ ಚುಕ್ಕಿಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ನಾನು ಬಚ್ಚಲ ಮೂಲೆಯ ಒಗೆಯುವ ಕಲ್ಲಿನ ಮೇಲೆ ನೋಟ್‌ಬುಕ್ ಹಿಡಿದು ಕೂರುತ್ತಿದ್ದೆ. ಯಾರನ್ನೂ ಮುಟ್ಟುತ್ತಿರಲಿಲ್ಲ. ಕಾಗದಕ್ಕೆ ಎಣ್ಣೆಯಾಗುತ್ತದೆ ಎನ್ನುವುದು ನನ್ನ ಕಾರಣ.

ಹನ್ನೊಂದರಲ್ಲಿ ಒಬ್ಬರು ಮಾತ್ರ ಬಚ್ಚಲಿಗೆ ಬಂದಿರಲಿಲ್ಲ. ಹುಡುಗಿಯರ ಮಾಧ್ಯಮಿಕ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದವರು, ಎಪ್ಪತ್ತೆರಡು ವರ್ಷ. ಎಲ್ಲರೂ ಟೀಚರಮ್ಮ ಎನ್ನುತ್ತಿದ್ದರು. ಅವರ ಬಲಭುಜ ಹಿಡಿದುಕೊಂಡು ಕೈ ಕಿವಿಯ ಮಟ್ಟಕ್ಕೂ ಏಳುತ್ತಿರಲಿಲ್ಲ. ತಲೆ ಬಾಚಿಕೊಳ್ಳಲಾಗದೆ, ಇನ್ನೊಬ್ಬರಿಂದ ಬಾಚಿಸಿಕೊಳ್ಳಲು ಒಪ್ಪದೆ, ಕೂದಲನ್ನು ಕತ್ತಿನವರೆಗೆ ಕತ್ತರಿಸಿಕೊಂಡಿದ್ದರು. ಶನಿವಾರ ಬೆಳಿಗ್ಗೆ ಬಚ್ಚಲು ಕಾಣುವಂತೆ ಹಿತ್ತಿಲ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದರು. ಪೇಪರ್ ನಮ್ಮಲ್ಲಿಗೆ ಬರುತ್ತಿದ್ದದ್ದು ಹತ್ತು ಗಂಟೆಗೆ. ಎಂಟು ಗಂಟೆಗೆ ಅವರ ಕೈಯಲ್ಲಿರುತ್ತಿದ್ದದ್ದು ಹಿಂದಿನ ದಿನದ್ದು.

ಅವರು ಮದುವೆಯಾದವರಲ್ಲ. ಇದು ದಾಖಲಾತಿ ಪುಸ್ತಕದಲ್ಲಿ ಹೆಸರಿನ ಹಿಂದೆ ಕುಮಾರಿ ಎಂದು ಬರೆದದ್ದರಿಂದ ನನಗೆ ಮಾತ್ರ ಗೊತ್ತಿತ್ತು. ಉಳಿದವರು ಅವರನ್ನೂ ವಿಧವೆ ಎಂದೇ ತಿಳಿದಿದ್ದರು. ಆ ಮನೆಯಲ್ಲಿ ವಿಧವೆಯಲ್ಲದವರು ಬೇರೆ ಯಾರೂ ಇರಲಿಲ್ಲ.

ಐದನೆಯದೋ ಆರನೆಯದೋ ಶನಿವಾರ ಟೀಚರಮ್ಮ ಪೇಪರ್ ಮಡಚಿಟ್ಟು ಬಚ್ಚಲಿಗೆ ಬಂದರು. ಮಣೆಯ ಮೇಲೆ ಪರೀಕ್ಷೆಗೆ ಕೂತಂತೆ ನೆಟ್ಟಗೆ ಕೂತರು. ನೀರು ಹಾಕುವವಳು ಅಂಗೈಗೆ ಎಣ್ಣೆ ಸುರಿದುಕೊಂಡಳು.

"ಎಷ್ಟ್ ಎರ್ಗೆ ಟೀಚರಮ್ಮ?"

"ಎರಡು."

"ಗಂಡಾ, ಎಣ್ಣಾ?"

"ಎರಡೂ ಹೆಣ್ಣು."

ನಾನು ಬರೆಯುತ್ತಿದ್ದ ಪೆನ್ನು ನಿಂತಿತು. ನೀರು ಹಾಕುವವಳು ತಲೆಯಾಡಿಸಿ ಭುಜದಿಂದ ಶುರುಮಾಡಿದಳು. ಟೀಚರಮ್ಮ ಮೊದಲು ಗೋಡೆ ನೋಡುತ್ತಿದ್ದರು, ಆಮೇಲೆ ಕಣ್ಣು ಮುಚ್ಚಿದರು. ಎಲ್ಲರ ಹಾಗೆ ಅವರ ಸೊಂಟಕ್ಕೂ ಸೀರೆ ಬಿಗಿದದ್ದಾಯಿತು, ಹೊಗೆ ಹಾಕಿದ್ದಾಯಿತು. ಅವತ್ತು ಅವರು ಮಧ್ಯಾಹ್ನ ಮೂರರವರೆಗೆ ನಿದ್ದೆ ಮಾಡಿದರು. ಮೂರು ಶನಿವಾರ ಹೀಗೆ ನಡೆದು, ಅವರ ಕೈ ಕಿವಿ ದಾಟಿ ನೆತ್ತಿಯ ಹತ್ತಿರ ಬಂತು.

ಅಷ್ಟರಲ್ಲಿ ನನ್ನ ಬುದ್ಧಿ ಓಡಿತು. ವರದಿಯಲ್ಲಿ ಮಕ್ಕಳ ಸಂಖ್ಯೆಗೆ ಒಂದು ಕಾಲಂ ಇತ್ತು. ಪುಸ್ತಕದಲ್ಲಿ ಒಂದು ಥರ, ಬಚ್ಚಲಲ್ಲಿ ಒಂದು ಥರ. ಒಂದು ಭಾನುವಾರ ಎಲ್ಲರೂ ಊಟಕ್ಕೆ ಕೂತಿದ್ದಾಗ, ಟೀಚರಮ್ಮ, ನಿಮ್ಮ ಹೆಣ್ಣುಮಕ್ಕಳ ವಿಳಾಸ ನಮ್ಮ ಪುಸ್ತಕದಲ್ಲಿ ಇಲ್ಲವಲ್ಲ, ಅಲ್ಲಿ ಕುಮಾರಿ ಅಂತ ಇದೆ, ತಿದ್ದಬೇಕೇ ಎಂದು ಕೇಳಿದೆ.

ದಿನಚರಿಯಲ್ಲಿ "ಮಾಹಿತಿ ಸ್ಪಷ್ಟಪಡಿಸಿಕೊಂಡೆ" ಎಂದಿದೆ. ನೆನಪಿನಲ್ಲಿ ಅವರು ನೀರಿನ ಲೋಟ ಕೆಳಗಿಟ್ಟ ಸದ್ದಿದೆ, ಆದರೆ ಆ ಲೋಟ ಬೇರೆ ಯಾವುದೋ ಊಟದ್ದಿರಬಹುದು. ನಾನು ನಿಜಕ್ಕೂ ದಾಖಲೆಯ ಶುದ್ಧಿಗಾಗಿ ಕೇಳಿದೆನೋ, ಸುಳ್ಳು ಹಿಡಿದ ಖುಷಿಗೆ ಕೇಳಿದೆನೋ ಎಂದು ಇಷ್ಟು ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ. ಉತ್ತರ ಗೊತ್ತಿದ್ದೂ ಕೇಳುತ್ತಿದ್ದೇನೆ ಎನ್ನುವ ಅನುಮಾನವೂ ಇದೆ. ತಿದ್ದಬೇಕಾಗಿಲ್ಲ, ಪುಸ್ತಕ ಸರಿಯಾಗಿದೆ ಎಂದು ಟೀಚರಮ್ಮ ಹೇಳಿದರು. ಅನ್ನ ಹಾಗೇ ಬಿಟ್ಟು ಎದ್ದರು.

ಮಾರತ್ತಹಳ್ಳಿ ಅಜ್ಜಿ ಒಂದು ಕ್ಷಣವೂ ತಡಮಾಡಲಿಲ್ಲ.

"ಅಲ್ಲಾ ಕಣ್ರೇ, ಬಸುರಿಲ್ದೆ ಬಾಣಂತನ ಮಾಡಿಸ್ಕೊಂಡ್ಳಲ್ಲ! ನಾನು ಒಂಬತ್ತು ಮಕ್ಕಳ್ನ ಎತ್ತು ಸೊಂಟಕ್ಕೆ ಒಂದು ಕಟ್ಟು ಕಟ್ಟಿಸ್ಕೊಂಡೆ, ಇವಳಿಗೆ ಸುಮ್ಕೆ ಸಿಕ್ತು."

ಆ ಶನಿವಾರ ಟೀಚರಮ್ಮ ಬಚ್ಚಲಿಗೆ ಬರಲಿಲ್ಲ. ಜಗಲಿಗೂ ಬರಲಿಲ್ಲ. ಮುಂದಿನ ವಾರವೂ ಇಲ್ಲ. ಕೈ ಮತ್ತೆ ಕಿವಿಯ ಕೆಳಕ್ಕೆ ಇಳಿಯಿತು. ನಾನು ಅವರ ಮಂಚದ ಹತ್ತಿರ ಹೋಗಿ ಕ್ಷಮೆ ಕೇಳುವ ಬದಲು, ಭುಜದ ವ್ಯಾಯಾಮದ ಮಹತ್ವದ ಬಗ್ಗೆ ಎರಡು ಮಾತು ಹೇಳಿ ಬಂದೆ. ಅವರು ಥ್ಯಾಂಕ್ಸ್ ಎಂದರು. ಹೀಗೇ ಬಿಟ್ಟರೆ ಆ ಕೈ ಪೂರ್ತಿ ಕಟ್ಟಿಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದ್ದರು. ಕೈಗಿಂತ ಹೆಚ್ಚಾಗಿ, ಅವರು ಗೋಡೆಯ ಕಡೆ ತಿರುಗಿ ಮಲಗಲು ಶುರುಮಾಡಿದ್ದರು. ನಮ್ಮಲ್ಲಿ ಗೋಡೆಯ ಕಡೆ ತಿರುಗಿದವರು ಈ ಕಡೆ ತಿರುಗಿದ್ದು ಕಡಿಮೆ.

ಮೂರನೆಯ ಶನಿವಾರ ನೀರು ಹಾಕುವವಳು ಬೆಂಕಿ ಹೊತ್ತಿಸುತ್ತಿದ್ದಾಗ ಹೋಗಿ ನಡೆದದ್ದನ್ನು ಒಪ್ಪಿಸಿದೆ. ಟೀಚರಮ್ಮ ಸುಳ್ಳು ಹೇಳಿದ್ದರು, ನಿಮಗೆ ಗೊತ್ತಿರಲಿಲ್ಲ ಎಂದು ಶುರುಮಾಡಿದ್ದೆ. ಆಕೆ ಊದುಕೊಳವೆಯಿಂದ ಬಾಯಿ ತೆಗೆದು ನನ್ನನ್ನು ನೋಡಿದಳು.

"ಯಾಕ್ ಗೊತ್ತಾಗಲ್ಲ? ಮೊದ್ಲ್ ದಿನಾನೇ ಗೊತ್ತಾಯ್ತು. ಒಟ್ಟೆ ಮ್ಯಾಲೆ ಕೈ ಆಕಿದ್ರೆ ಒಟ್ಟೆ ಸುಳ್ಳೇಳ್ತದಾ?"

ಹಾಗಾದರೆ ಯಾಕೆ ಸುಮ್ಮನಿದ್ದಿರಿ ಎಂದೆ.

"ಆಯಮ್ಮ ಎರಡು ಅಂದ್ಳು. ಎರಡು ಎರ್ಗೆ ತಿಕ್ಕು ತಿಕ್ಕಿದೆ. ನಿಂಗೇನ್ ಕಷ್ಟ ಆಯ್ತು?"

ಇನ್ನು ಅವರು ಬರುವುದಿಲ್ಲ, ಬಾಣಂತಿ ಅಲ್ಲ ಅಂತ ಎಲ್ಲರಿಗೂ ಗೊತ್ತಾಗಿದೆಯಲ್ಲ ಎಂದೆ. ಆಕೆ ಸೌದೆ ಮುಂದಕ್ಕೆ ತಳ್ಳಿದಳು.

"ಎತ್ತೋಳ್ಗೂ ನೀರಾಕ್ತೀನಿ, ಉಟ್ಟಿದ್ದಕ್ಕೂ ನೀರಾಕ್ತೀನಿ. ಟೀಚರಮ್ಮ ಎತ್ತಿಲ್ಲ, ಬುಡು. ಉಟ್ಟಿಲ್ವಾ?"

ಸೆರಗಿಗೆ ಕೈ ಒರೆಸಿಕೊಂಡು ನೇರ ಒಳಗೆ ನಡೆದಳು. ನಾನು ಹಿಂದೆ ಓಡಿದೆ. ಟೀಚರಮ್ಮನ ಮಂಚದ ಹತ್ತಿರ ನಿಂತು, ಇವತ್ತು ಕೂಸಿನ ನೀರು, ಕಾಲು ಚಾಚಿಕೊಂಡು ಕೂರುತ್ತೇನೆ, ಬಾ ಎಂದಳು. ಹಸುಗೂಸನ್ನು ನೀರು ಹಾಕುವವಳು ಚಾಚಿದ ಕಾಲುಗಳ ಮೇಲೆ ಬೋರಲು ಮಲಗಿಸಿಕೊಂಡು ತಿಕ್ಕುವುದು ರೂಢಿ. ಎಪ್ಪತ್ತೆರಡು ವರ್ಷದ ಮುಖ್ಯೋಪಾಧ್ಯಾಯಿನಿಯನ್ನು ಹಾಗೆ ಕರೆದವರು ಅದಕ್ಕೆ ಮೊದಲು ಯಾರೂ ಇರಲಿಕ್ಕಿಲ್ಲ. ಟೀಚರಮ್ಮ ಗೋಡೆಯ ಕಡೆಯಿಂದಲೇ, ನಿಮ್ಮ ಕಾಲು ಮುರಿಯುತ್ತದೆ ಎಂದರು.

"ಕೂಸು ಕಾಲ್ ಮುರಿಯೋ ಅಂಗಿದ್ರೆ ಒಳ್ಳೇದೇ ಅಲ್ವಾ? ತಾಯಿ ಆಲು ಚೆನ್ನಾಗದೆ ಅಂತ."

ಟೀಚರಮ್ಮ ಈ ಕಡೆ ಹೊರಳಿ, ನನ್ನನ್ನು ನೋಡಿ, ಒಂದು ಷರತ್ತು ಹಾಕಿದರು.

"ಬರೆಯೋ ಹುಡುಗಿ ಹೊರಗಿರಬೇಕು."

ಹೀಗಾಗಿ ಆ ದಿನ ಬಚ್ಚಲಲ್ಲಿ ಏನು ನಡೆಯಿತು ಎನ್ನುವುದಕ್ಕೆ ಈ ಬರಹದಲ್ಲಿ ಸಾಕ್ಷಿಯಿಲ್ಲ. ಕಾಲ ಮೇಲೆ ಪೂರ್ತಿ ಮಲಗಿದರೋ, ಬರೀ ತಲೆಯಿಟ್ಟರೋ ಗೊತ್ತಿಲ್ಲ. ಬಾಗಿಲ ಹೊರಗೆ ಕೂತು ನಾನು ಕೇಳಿದ್ದಿಷ್ಟು: ಅಂಗೈ ಬೆನ್ನ ಮೇಲೆ ಬೀಳುವ ಚಟಚಟ ಸದ್ದು, ಚೊಂಬಿನಿಂದ ನೀರು ಸುರಿಯುವುದು, ಒಂದು ಸಲ ನೋವಿಗೆ ಅಮ್ಮಾ ಎಂದದ್ದು. ಕೊನೆಗೆ ಕೂಸುಗಳಿಗೆ ಮಾಡುವಂತೆ ಕಡೆಯ ಚೊಂಬಿನ ನೀರನ್ನು ಮೂರು ಸಲ ನಿವಾಳಿಸಿ ಚೆಲ್ಲುತ್ತಾ ನೀರು ಹಾಕುವವಳು, ಬೆಳಿ ಬೆಳಿ, ಬಾಗ್ಲುದ್ದ ಬೆಳಿ ಎಂದಳು. ಆಮೇಲೆ ಒಳಗೆ ಇಬ್ಬರೂ ನಕ್ಕ ಹಾಗೆ ಕೇಳಿಸಿತು. ಒಬ್ಬರೇ ಅತ್ತದ್ದೂ ಇರಬಹುದು. ಬಾಗಿಲು ದಪ್ಪನಾದದ್ದು.

ಟೀಚರಮ್ಮ ಹೊರಗೆ ಬಂದಾಗ ತಲೆಗೆ ಬಿಳಿ ಬಟ್ಟೆ ಸುತ್ತಿತ್ತು. ಕೆನ್ನೆಯ ಮೇಲೆ ಹಂಡೆಯ ಮಸಿಯಲ್ಲಿ ಇಟ್ಟ, ಕಾಸಿನಗಲದ ದೃಷ್ಟಿಬೊಟ್ಟು. ಜಗಲಿಯ ತುಂಬ ಅಜ್ಜಿಯರು ಕಾಯುತ್ತಿದ್ದರು. ಮಾರತ್ತಹಳ್ಳಿ ಅಜ್ಜಿ ಸುಮ್ಮನಿರುವವರಲ್ಲ.

"ಏನಾಯ್ತು ಟೀಚರಮ್ಮ, ಎರ್ಗೆ?"

ಟೀಚರಮ್ಮ ಕುರ್ಚಿ ಎಳೆದುಕೊಂಡು ಕೂತರು. ಪೇಪರ್ ಬಿಡಿಸಿದರು.

"ಆಯಿತು. ಹೆಣ್ಣು. ಹಲ್ಲಿಲ್ಲ, ಕೂದಲೂ ಕಡಿಮೆ. ನಿಮ್ಮ ಕಡೆ ಯಾವುದಾದರೂ ಗಂಡು ಇದ್ದರೆ ನೋಡಿ."

ಮಾರತ್ತಹಳ್ಳಿ ಅಜ್ಜಿ ನಕ್ಕು ನಕ್ಕು ಕೆಮ್ಮು ಹತ್ತಿ, ಬೆನ್ನು ತಟ್ಟಿ ನೀರು ಕುಡಿಸಬೇಕಾಯಿತು. ತಟ್ಟಿದವಳು ನಾನೇ ಎಂದು ಹೇಳಿಕೊಳ್ಳಲು ಆಸೆ. ಅಡುಗೆಯವಳಿರಬೇಕು.

ಮುಂದಿನ ಶನಿವಾರ ಒಂಬತ್ತು ಹೆತ್ತ ಅದೇ ಅಜ್ಜಿ ಬಚ್ಚಲಿಗೆ ಹೋಗಿ, ನನಗೂ ಕೂಸಿನ ನೀರೇ ಬೇಕು, ಬಾಣಂತನ ಸಾಕಾಯಿತು ಎಂದು ಹಟ ಹಿಡಿದರು. ಅವರ ತೂಕ ನೋಡಿ ನೀರು ಹಾಕುವವಳು ಮಣೆಯ ಮೇಲೆಯೇ ಕೂರಿಸಿದಳು. ನೀರು ಮಾತ್ರ ಮೂರು ಸಲ ನಿವಾಳಿಸಿದಳು. ಟೀಚರಮ್ಮ ವಾರ ತಪ್ಪಿಸಲಿಲ್ಲ. ನಾನು ಕೆಲಸ ಬಿಡುವ ಹೊತ್ತಿಗೆ ಅವರ ಕೂದಲು ಭುಜಕ್ಕೆ ಬಂದಿತ್ತು, ಅವರೇ ಬಾಚಿಕೊಳ್ಳುತ್ತಿದ್ದರು.

ಆ ದೃಷ್ಟಿಬೊಟ್ಟನ್ನು ಅವರು ಅವತ್ತೆಲ್ಲ ಅಳಿಸಲಿಲ್ಲ ಎಂದು ನಾನು ಹೇಳಿದಾಗಲೆಲ್ಲ ಕೇಳಿದವರು ಅದು ನನ್ನ ಸೇರ್ಪಡೆ ಎನ್ನುತ್ತಾರೆ. ಎಡಗೆನ್ನೆಯೋ ಬಲಗೆನ್ನೆಯೋ ನನಗೇ ಖಚಿತವಿಲ್ಲದ್ದರಿಂದ ವಾದ ಮಾಡುವುದಿಲ್ಲ. ಆ ಶನಿವಾರದ ಬಗ್ಗೆ ದಿನಚರಿಯಲ್ಲಿ ಒಂದಕ್ಷರವಿಲ್ಲ. ಸೋಮವಾರದ ಪುಟದಲ್ಲಿ, ಅಗಸನಿಗೆ ಕೊಟ್ಟ ಬಟ್ಟೆಗಳ ಪಟ್ಟಿಯ ಕೊನೆಗೆ, ನನ್ನದೇ ಅಕ್ಷರದಲ್ಲಿ ಹೀಗಿದೆ: ಟೀಚರಮ್ಮನ ದಿಂಬಿನ ಕವರು ಒಂದು, ಮಸಿ ಕಲೆ, ಹೋಗುವುದಿಲ್ಲ ಎಂದ.