ದೇವರ ಹೆಸರಿನಲ್ಲಿ ನಾನು ಕೊಟ್ಟ ಉತ್ತರಗಳು

ಶಾಂತಕ್ಕನ ಪ್ರಾರ್ಥನೆಯ ಚೀಟಿಯನ್ನು ನಾನು ಬಚ್ಚಿಟ್ಟೆ. ಒಂದು ವರ್ಷಕ್ಕೂ ಹೆಚ್ಚು ಕಾಲ ಅದು ನನ್ನ ಬೈಬಲಿನ ಹೊದಿಕೆಯೊಳಗೆ ಮಡಿಸಿದ ಹಾಗೆಯೇ ಇತ್ತು. ಪ್ರತಿ ಭಾನುವಾರ ಅವರ ಕೈ ಹಿಡಿದು, "ನಿಮಗೋಸ್ಕರ ಪ್ರಾರ್ಥನೆ ಮಾಡ್ತಾನೇ ಇದ್ದೀವಿ ಅಕ್ಕಾ" ಎನ್ನುತ್ತಿದ್ದೆ. ಹಸಿ ಸುಳ್ಳು. ಯಾರೂ ಮಾಡುತ್ತಿರಲಿಲ್ಲ. ನಾನಂತೂ ಇಲ್ಲವೇ ಇಲ್ಲ. ಅದಕ್ಕಿಂತ ದೊಡ್ಡದನ್ನೂ ಮಾಡಿದ್ದೇನೆ — ಹೇಳುತ್ತೇನೆ, ಸ್ವಲ್ಪ ತಾಳಿ.

ನನ್ನ ಹೆಸರು ಪ್ರೇಮಲತಾ. ತವರು ಮೈಸೂರು. ಮದುವೆಯಾಗಿ ಮದ್ರಾಸಿಗೆ ಬಂದವಳು, ನುಂಗಂಬಾಕ್ಕಂನ ಒಂದು ಕಚೇರಿಯಲ್ಲಿ ಮೂವತ್ತೊಂದು ವರ್ಷ ದುಡಿದು ಸೂಪರಿಂಟೆಂಡೆಂಟ್ ಆಗಿ ನಿವೃತ್ತಳಾದೆ. ಯಾವ ಫೈಲು ಎಲ್ಲಿ ಸಿಕ್ಕಿಕೊಂಡಿದೆ, ಯಾರ ಕಿವಿಯಲ್ಲಿ ಹೇಳಿದರೆ ಅದು ಹೊರಡುತ್ತದೆ — ಇದು ನನಗೆ ಕರತಲಾಮಲಕ. ಸುಮ್ಮನೆ ಕೂರುವ ಜಾಯಮಾನವೇ ನನ್ನದಲ್ಲ. "ನಿನ್ನ ಕೈಗೆ ಕೊಟ್ಟರೆ ಕ್ರಿಸ್ತ ಎರಡನೇ ಸಲ ಬರೋದಕ್ಕೂ ತಾರೀಖು ಗೊತ್ತು ಮಾಡಿಬಿಡ್ತೀಯ" ಎಂದು ನನ್ನ ಗಂಡ ಚುಡಾಯಿಸುತ್ತಿದ್ದರು. ನಾನು ಅದನ್ನು ಹೊಗಳಿಕೆ ಅಂತಲೇ ತಗೊಳ್ಳುತ್ತಿದ್ದೆ!

ಕೋಡಂಬಾಕ್ಕಂನಲ್ಲಿ ಒಂದು ತಮಿಳು ಚರ್ಚಿನ ಹಿಂದಿನ ಹಾಲಿನಲ್ಲಿ ನಮ್ಮ ಕನ್ನಡ ಸಭೆ ಸೇರುತ್ತದೆ. ಅವರ ಆರಾಧನೆ ಮುಗಿದು, ಊಟವೂ ಮುಗಿದ ಮೇಲೆ, ಮಧ್ಯಾಹ್ನ ಮೂರೂವರೆಗೆ ನಮ್ಮದು. ನಲವತ್ತು ಜನ ಬಂದರೆ ಹೆಚ್ಚು. ಬಾಗಿಲ ಪಕ್ಕದಲ್ಲಿ ಒಂದು ಮರದ ಪೆಟ್ಟಿಗೆ. ಪ್ರಾರ್ಥನೆ ಬೇಕಾದವರು ಚೀಟಿ ಬರೆದು ಹಾಕುತ್ತಾರೆ. ಶುಕ್ರವಾರ ಬೆಳಿಗ್ಗೆ ನಾವು ಏಳು ಜನ ಹೆಂಗಸರು ಸೇರಿ ಒಂದೊಂದೇ ಚೀಟಿ ಓದಿ, ಮೊಣಕಾಲೂರಿ ಪ್ರಾರ್ಥಿಸಬೇಕು. ತಿಂಗಳ ಮೊದಲನೇ ಭಾನುವಾರ, ಉತ್ತರ ಸಿಕ್ಕಿದವರು ಎದ್ದು ನಿಂತು ಸಾಕ್ಷಿ ಹೇಳಬೇಕು. ಆ ಪೆಟ್ಟಿಗೆಯ ಬೀಗದ ಕೈ ನನ್ನ ಹತ್ತಿರ ಇತ್ತು. ಅಯ್ಯನವರು — ನಮ್ಮ ಸಭಾಪಾಲಕರು — ನಂಬಿ ಕೊಟ್ಟಿದ್ದರು.

ಮೊದಲ ಸಲ ಹೇಗಾಯಿತೆಂದರೆ, ನಿರ್ಮಲಾ ಅಂತ ಒಬ್ಬ ನರ್ಸ್, ಆಸ್ಪತ್ರೆಗೆ ಹತ್ತಿರ ಒಂದು ಬಾಡಿಗೆ ಮನೆ ಸಿಗಲಿ ಎಂದು ಬರೆದಿದ್ದಳು. ಗುರುವಾರವೇ ಪೆಟ್ಟಿಗೆ ತೆಗೆದು ಚೀಟಿ ಓದಿದೆ. ನನ್ನ ಹಳೇ ಸಹೋದ್ಯೋಗಿಯ ಮಹಡಿಮನೆ ಖಾಲಿ ಇತ್ತು. ಒಂದು ಫೋನ್, ಅಷ್ಟೇ. "ನನ್ನ ಹೆಸರು ಹೇಳಬೇಡಿ" ಎಂದೆ. ಮುಂದಿನ ಸಾಕ್ಷಿಯ ಭಾನುವಾರ ನಿರ್ಮಲಾ ಎದ್ದು ನಿಂತು, "ಕರ್ತರು ನನಗೆ ಬಾಗಿಲು ತೆರೆದರು" ಎಂದು ಬಿಕ್ಕಿ ಬಿಕ್ಕಿ ಅತ್ತಳು. ಸಭೆಯೆಲ್ಲ ಸ್ತೋತ್ರ ಸ್ತೋತ್ರ ಎಂದಿತು. ನಾನೂ ಎಂದೆ. ಒಳಗೊಳಗೇ ಹಿಗ್ಗಿ ಹೀರೇಕಾಯಿ ಆದೆ.

ಆಮೇಲೆ ಅದೇ ರೂಢಿಯಾಯಿತು. ಸ್ಕೂಲಿನಲ್ಲಿ ಒಂದು ಸೀಟು. ಎಲ್ಲೋ ಕೂತುಬಿಟ್ಟ ಒಂದು ಪಾಸ್‌ಪೋರ್ಟ್ ಅರ್ಜಿ. ಒಬ್ಬಳಿಗೆ ಒಳ್ಳೆಯ ಕಣ್ಣಿನ ಡಾಕ್ಟರು. ನನ್ನಿಂದ ಆಗುವ ಚೀಟಿಗಳನ್ನು ಮೊದಲು ಮುಗಿಸಿ, ಆಮೇಲೆ ಶುಕ್ರವಾರ ಓದುತ್ತಿದ್ದೆ. ಆಗದವುಗಳನ್ನು — ಹೇಳಲು ನಾಚಿಕೆಯಾಗುತ್ತದೆ — ಬರಬರುತ್ತಾ ಓದುವುದನ್ನೇ ಬಿಟ್ಟೆ. ನಮ್ಮ ಗುಂಪು ಪ್ರಾರ್ಥಿಸಿದ್ದೆಲ್ಲ ನೆರವೇರುತ್ತದೆ ಅನ್ನುವ ಹೆಸರು ಬಂದುಬಿಟ್ಟಿತ್ತಲ್ಲ! ಆ ಹೆಸರು ಕೆಡಬಾರದು. ದೇವರ ಹೆಸರಿಗೋಸ್ಕರ ಅಂದುಕೊಂಡೆ. ದೇವರ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಯಾವ ಅರ್ಜಿ ಒಳಗೆ ಹೋಗಬೇಕು ಎಂದು ತೀರ್ಮಾನಿಸುವ ಗುಮಾಸ್ತೆಯಾಗಿದ್ದೆ.

ಸಹಾಯ ಮಾಡಿದ್ದು ತಪ್ಪೇ ಎಂದು ನೀವು ಕೇಳಬಹುದು. ಅಲ್ಲ. ಬಹಿರಂಗವಾಗಿ ಮಾಡಿ, ಪ್ರಾರ್ಥನೆಯನ್ನೂ ಮಾಡಿದ್ದರೆ ಅದೇ ಒಂದು ಸೇವೆ. ನನ್ನ ತಪ್ಪು ಬೇರೆ. ದೇವರು ಮಾಡುತ್ತಾನೆಂಬ ನಂಬಿಕೆಯೇ ನನಗಿರಲಿಲ್ಲ. ಪ್ರಾರ್ಥನಾ ಗುಂಪಿನ ಮುಖ್ಯಸ್ಥೆಯಾಗಿದ್ದ ನನಗೇ ಇರಲಿಲ್ಲ. ಮೊಣಕಾಲೂರಿದಾಗಲೂ ಮುಂದೆ ಯಾರಿಗೆ ಫೋನ್ ಮಾಡಬೇಕು ಎಂದೇ ಯೋಚಿಸುತ್ತಿದ್ದೆ.

ಆಗ ಶಾಂತಕ್ಕನ ಚೀಟಿ ಬಂತು.

ಶಾಂತಕ್ಕ ಗದಗಿನವರು. ಗಂಡ ತೀರಿಹೋಗಿದ್ದಾರೆ, ಕೋಡಂಬಾಕ್ಕಂನಲ್ಲೇ ಎರಡು ಕೋಣೆಯ ಮನೆಯಲ್ಲಿ ಒಬ್ಬರೇ ಇರುತ್ತಾರೆ. ಒಬ್ಬಳೇ ಮಗಳು ಶೀಲಾ, ಮದ್ರಾಸಿನದೇ ಇನ್ನೊಂದು ತುದಿಯಲ್ಲಿ, ತಿರುವೊಟ್ಟಿಯೂರಿನಲ್ಲಿ ಇದ್ದಾಳೆ. ತಾಯಿಗೆ ಒಪ್ಪಿಗೆಯಿಲ್ಲದ ಮದುವೆ. ಶಾಂತಕ್ಕ ಅಂದು ಆಡಬಾರದ ಮಾತು ಆಡಿದ್ದರು. ಏಳು ವರ್ಷದಿಂದ ಮಗಳು ಮನೆಗೆ ಕಾಲಿಟ್ಟಿರಲಿಲ್ಲ. ಆದರೆ ಪ್ರತಿ ಕ್ರಿಸ್ಮಸ್ ಬೆಳಿಗ್ಗೆ ಒಂದು ಫೋನ್ ಬರುತ್ತಿತ್ತು. ಎರಡು ನಿಮಿಷ. "ಅಮ್ಮಾ, ಊಟ ಮಾಡಿದ್ರಾ, ಮಾತ್ರೆ ತಗೊಂಡ್ರಾ" — ಅಷ್ಟೇ. ಶಾಂತಕ್ಕ ವರ್ಷವಿಡೀ ಆ ಎರಡು ನಿಮಿಷದ ಮೇಲೆ ಬದುಕುತ್ತಿದ್ದರು. ಚೀಟಿಯಲ್ಲಿ ಬರೆದಿದ್ದರು: "ನನ್ನ ಮಗಳು ಒಂದ್ಸಲ ಮನೀಗೆ ಬರಲಿ."

ಇದು ಫೋನಿನಿಂದ ಆಗುವ ಕೆಲಸವಲ್ಲ ಎಂದು ಬುದ್ಧಿ ಇದ್ದವರಿಗೆ ಗೊತ್ತಾಗುತ್ತಿತ್ತು. ನನಗಾಗಲಿಲ್ಲ. ಸಭೆಯ ವಿಳಾಸಪುಸ್ತಕದಲ್ಲಿ ಶೀಲಾಳ ನಂಬರ್ ಹುಡುಕಿ, ಒಂದು ಬೆಳಿಗ್ಗೆ ಫೋನ್ ಮಾಡಿದೆ. ಶಾಂತಕ್ಕನನ್ನು ಒಂದು ಮಾತೂ ಕೇಳಲಿಲ್ಲ. ಮೃದುವಾಗಿಯೇ ಶುರು ಮಾಡಿದೆ — ಆದರೆ ಮೂವತ್ತೊಂದು ವರ್ಷದ ಸೂಪರಿಂಟೆಂಡೆಂಟ್ ದನಿ ಎಲ್ಲಿ ಹೋಗುತ್ತದೆ? ಹೆತ್ತ ತಾಯಿ, ಕರ್ತವ್ಯ, ನಾಳೆ ಆಕೆ ಹೋಗಿಬಿಟ್ಟರೆ ಆಮೇಲೆ ಅತ್ತು ಏನು ಪ್ರಯೋಜನ... ಎಲ್ಲವನ್ನೂ ಹೇಳಿಬಿಟ್ಟೆ.

ಅವಳು ತಮಿಳಿನಲ್ಲಿ ಒಂದೇ ಪ್ರಶ್ನೆ ಕೇಳಿದಳು. "ಅಮ್ಮಾವಾ ಸೊಲ್ಲ ಸೊನ್ನಾಂಗ?" — ಅಮ್ಮ ಹೇಳಿಸಿದ್ದಾ?

ಅಲ್ಲ ಎನ್ನಬೇಕಿತ್ತು. ಅಲ್ಲ ಎಂಬ ಎರಡಕ್ಷರ! ಆದರೆ ತಾಯಿಯ ಹೆಸರು ಹೇಳಿದರೆ ಕೆಲಸ ಬೇಗ ಆಗುತ್ತದೆ ಅನ್ನಿಸಿತು. "ಹೌದಮ್ಮಾ, ಅವರೇ ಹೇಳಿಸಿದ್ದು" ಎಂದೆ.

ಫೋನ್ ಕಟ್ ಆಯಿತು. ಮರುದಿನದಿಂದ ನನ್ನ ನಂಬರಿಗೆ ಅವಳ ಫೋನ್ ಸಿಗಲಿಲ್ಲ. ಆ ಕ್ರಿಸ್ಮಸ್‌ಗೆ ಶಾಂತಕ್ಕನಿಗೂ ಫೋನ್ ಬರಲಿಲ್ಲ.

ಹಬ್ಬದ ಆರಾಧನೆ ಮುಗಿದ ಮೇಲೆ ಹೊಸ ಸೀರೆ ಉಟ್ಟುಕೊಂಡು, ಫೋನನ್ನು ಕೈಯಲ್ಲೇ ಹಿಡಿದುಕೊಂಡು ಅವರು ಬೆಂಚಿನ ಮೇಲೆ ಕೂತಿದ್ದರು. ನಾನು ಹತ್ತಿರ ಹೋಗಿ, "ದೇವರ ಸಮಯ ಬೇರೆ ಇರುತ್ತೆ ಅಕ್ಕಾ" ಎಂದೆ. ನನ್ನ ಪಾಪವನ್ನು ತಗೊಂಡು ಹೋಗಿ ದೇವರ ತಲೆಗೆ ಕಟ್ಟಿದೆ. ಮನೆಗೆ ಬಂದು ಚೀಟಿಯನ್ನು ಬೈಬಲಿನ ಹೊದಿಕೆಗೆ ತುರುಕಿದೆ. ಅದನ್ನು ಗುಂಪಿನಲ್ಲಿ ಓದಿದರೆ ಮಾತು ಮುಂದುವರಿಯುತ್ತದೆ, ಯಾರಾದರೂ ಶೀಲಾಳನ್ನು ಕಂಡು ವಿಚಾರಿಸುತ್ತಾರೆ, ನನ್ನ ಬಣ್ಣ ಬಯಲಾಗುತ್ತದೆ — ಆ ಭಯ.

ಮುಂದಿನ ಕ್ರಿಸ್ಮಸ್‌ಗೂ ಫೋನ್ ಬರಲಿಲ್ಲ. ಹೊಸ ವರ್ಷದ ಆರಾಧನೆಗೆ ಶಾಂತಕ್ಕ ಬರಲಿಲ್ಲ. ನಂತರದ ಮೂರು ಭಾನುವಾರವೂ ಇಲ್ಲ. ಕೊನೆಗೆ ಮಾರ್ಕೆಟ್ಟಿನ ಹತ್ತಿರ ಸಿಕ್ಕಿದಾಗ, "ಯಾಕಕ್ಕಾ, ಮೈ ಹುಷಾರಿಲ್ವಾ?" ಎಂದು ಕೇಳಿದೆ.

"ಮೈ ಏನೂ ಆಗಿಲ್ಲ, ಪ್ರೇಮಾ. ಎಲ್ಲಾರ ಚೀಟೀನೂ ಓದ್ತಾನಲ್ಲ ದೇವರು, ನಂದೂ ಓದ್ಯಾನ. ಓದಿ ಒಲ್ಲೆ ಅಂದಾನ. ಒಲ್ಲೆ ಅಂದವ್ರ ಮನೀಗೆ ಎಷ್ಟಂತ ಹೋಗಲಿ?"

ಮಗಳನ್ನು ಮಾತ್ರ ದೂರ ಮಾಡಿದ್ದೇನೆ ಎಂದುಕೊಂಡಿದ್ದೆ — ಆ ಮುದುಕಿಯಿಂದ ಅವರ ದೇವರನ್ನೂ ಕಿತ್ತುಕೊಂಡಿದ್ದೆ.

ಒಂದು ವಾರ ಒದ್ದಾಡಿದೆ. ಹಳೇ ಚಾಳಿ ಬಿಡಲಿಲ್ಲ: ಅಯ್ಯನವರನ್ನು ಕಳಿಸಲೇ? ಶೀಲಾಳ ಗಂಡನ ಕಚೇರಿ ಹುಡುಕಲೇ? ಯಾವ ದಾರಿ ಹಿಡಿದರೂ ಇನ್ನೊಂದು ಸುಳ್ಳು ಬೇಕಾಗುತ್ತಿತ್ತು. ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಹುಳಿಗೆ ಒಗ್ಗರಣೆ ಹಾಕುತ್ತಿದ್ದವಳು ಒಲೆ ಆರಿಸಿ, ನೆಲದ ಮೇಲೆ ಕೂತು ಅತ್ತುಬಿಟ್ಟೆ. "ಸ್ವಾಮೀ, ನನ್ನ ಕೈಲಿ ಆಗಲ್ಲ" ಎಂದೆ. ಅರವತ್ತೆರಡು ವರ್ಷದಲ್ಲಿ ನಾನು ಮಾಡಿದ ಮೊದಲ ನಿಜವಾದ ಪ್ರಾರ್ಥನೆ ಅದೇ ಇರಬೇಕು. ಹೇಳಿದ್ದೇ ತಡ, ಮುಂದೇನು ಮಾಡಬೇಕು ಎಂದು ಗೊತ್ತಾಯಿತು. ಸೀರೆ ಕೂಡ ಬದಲಾಯಿಸದೆ ಶಾಂತಕ್ಕನ ಮನೆಗೆ ಹೋದೆ.

ಎಲ್ಲವನ್ನೂ ಹೇಳಿದೆ. ಚೀಟಿ, ಫೋನ್, "ಅವರೇ ಹೇಳಿಸಿದ್ದು" ಎಂದ ಸುಳ್ಳು. ಹೇಳಿ ತಲೆ ತಗ್ಗಿಸಿ ಕೂತೆ. ಹೊಡೆಯುತ್ತಾರೆ ಎಂದೇ ಕಾದಿದ್ದೆ. ಅವರು ಕೇಳಿದರು —

"ಹಂಗಾರ ದೇವರು ಒಲ್ಲೆ ಅಂದಿಲ್ಲ?"

"ಇಲ್ಲಕ್ಕಾ. ಅವನ ಹತ್ತಿರ ನಾವು ಕೇಳೇ ಇಲ್ಲ. ಕೆಡಿಸಿದ್ದು ನಾನು."

"ನೀ ಅಷ್ಟ?"

"ನಾನು ಮಾತ್ರ."

ಅವರ ಮುಖ ಅರಳಿದ್ದನ್ನು ನಾನು ಹೇಗೆ ಬರೆಯಲಿ! ನಕ್ಕರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ನಗುತ್ತಿದ್ದರು. "ಯವ್ವಾ! ವರ್ಷದ ಮ್ಯಾಲಾತು, ದೇವರು ನನ್ನ ಕೈ ಬಿಟ್ಟಾನಂತ ತಿಳಕೊಂಡು ಕುಂತಿದ್ನಲ್ಲ!" ಎಂದು ಎದೆ ಹಿಡಿದುಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು. "ನಿನ್ನ ಮ್ಯಾಲೆ ಸಿಟ್ಟು ಬಂದೈತಿ. ಭಾಳ ಬಂದೈತಿ. ಅದನ್ನ ಆಮ್ಯಾಲೆ ನೋಡೋಣು. ಈಗ ಮೊಣಕಾಲೂರು."

ಊರಿದೆ. ಅವರೇ ಪ್ರಾರ್ಥಿಸಿದರು. ಹೇಳಿದ ಹಾಗೆಯೇ ಸಿಟ್ಟನ್ನೂ ಆಮೇಲೆ ಮಾಡಿದರು, ಮೂರು ತಿಂಗಳು ನನ್ನ ಕೈಯಿಂದ ಕಾಫಿ ತಗೊಳ್ಳಲಿಲ್ಲ. ಅದು ನನಗೆ ಸಲ್ಲಬೇಕಾದ್ದೇ.

ಮೊದಲನೇ ಭಾನುವಾರ ಸಾಕ್ಷಿಯ ಹೊತ್ತಿಗೆ ನಾನು ಎದ್ದು ನಿಂತು ಎಲ್ಲರಿಗೂ ಹೇಳಿದೆ. ನಿರ್ಮಲಾ ಮುಖ ತಿರುಗಿಸಿಕೊಂಡಳು. ಅವಳ ಸಾಕ್ಷಿಯನ್ನೇ ನಾನು ಹಾಳು ಮಾಡಿದ್ದೆ. ಬೀಗದ ಕೈಯನ್ನು ಅಯ್ಯನವರಿಗೆ ಒಪ್ಪಿಸಿದೆ. ತಮ್ಮ ಚೀಟಿಯನ್ನು ಶಾಂತಕ್ಕನೇ ಎದ್ದು ಗಟ್ಟಿಯಾಗಿ ಓದಿದರು. ಆ ದಿನ ಸಭೆ ಪ್ರಾರ್ಥಿಸಿದ ರೀತಿ! ಯಾರ ಕೈಯಲ್ಲೂ ಏನೂ ಇರಲಿಲ್ಲ, ಯಾರಿಗೂ ಯಾವ ಉಪಾಯವೂ ಗೊತ್ತಿರಲಿಲ್ಲ. ನನ್ನನ್ನಂತೂ ಅಕ್ಕನೇ ಕಟ್ಟಿಹಾಕಿದ್ದರು — ಶೀಲಾಳಿಗೆ ಫೋನ್ ಕೂಡದು, ಪತ್ರ ಕೂಡದು, ಯಾರನ್ನೂ ಕಳಿಸಕೂಡದು. ಬರೀ ಕೇಳುವುದು. ನನ್ನಂಥವಳಿಗೆ ಅದಕ್ಕಿಂತ ಕಠಿಣ ಶಿಕ್ಷೆ ಇಲ್ಲ. ಎಂಟು ತಿಂಗಳು ಕೇಳಿದೆವು. ಶಾಂತಕ್ಕ ಒಂದು ಭಾನುವಾರವೂ ತಪ್ಪಿಸಲಿಲ್ಲ.

ಅಕ್ಟೋಬರಿನ ಒಂದು ಭಾನುವಾರ, ಎರಡನೇ ಕೀರ್ತನೆ ಹಾಡುತ್ತಿದ್ದಾಗ, ಬಾಗಿಲಲ್ಲಿ ಒಬ್ಬಳು ಬಂದು ನಿಂತಳು. ಹೆಲ್ಮೆಟ್ ಇನ್ನೂ ಕೈಯಲ್ಲೇ ಇತ್ತು. ಶಾಂತಕ್ಕ ತಿರುಗಿ ನೋಡಿದರು. ಹಾಡು ಅಲ್ಲಲ್ಲೇ ನಿಂತುಹೋಯಿತು. ಅವಳು ಬಂದು ತಾಯಿಯ ಪಕ್ಕದಲ್ಲಿ ಕೂತು, "ವೀಟ್ಟುಕ್ಕು ಪೋನೇಮ್ಮಾ, ಪೂಟ್ಟಿ ಇರುಂದುದು" ಎಂದಳು — ಮನೆಗೆ ಹೋಗಿದ್ದೆನಮ್ಮಾ, ಬೀಗ ಹಾಕಿತ್ತು. ಮನೆಗೇ ಹೋಗಿದ್ದಳು! ನಾವು ಕೇಳಿದ್ದು ಅದನ್ನೇ.

ಯಾಕೆ ಬಂದಳು, ಏನಾಯಿತು, ಯಾರು ಹೇಳಿದರು — ನನಗೆ ಇವತ್ತಿಗೂ ಗೊತ್ತಿಲ್ಲ. ಆರು ವರ್ಷವಾಯಿತು. ನಾನು ವಿಚಾರಿಸಿಲ್ಲ. ನನ್ನ ಕೈ ಅದರಲ್ಲಿ ಒಂದು ಚೂರೂ ಇಲ್ಲ ಎಂಬುದಷ್ಟೇ ಗೊತ್ತು, ಅದನ್ನು ಹೇಳುವಾಗೆಲ್ಲ ನನಗೆ ಕುಣಿಯುವಷ್ಟು ಖುಷಿ. ದೇವರು ಮಾಡುತ್ತಾನೆ! ನಾನಿಲ್ಲದೆಯೂ ಮಾಡುತ್ತಾನೆ. ನಾನು ಕೆಡಿಸಿದ ಮೇಲೆಯೂ ಮಾಡುತ್ತಾನೆ!

ಶೀಲಾಳ ಹತ್ತಿರವೂ ತಪ್ಪೊಪ್ಪಿಕೊಂಡೆ. ಅವಳು ತಲೆಯಾಡಿಸಿದಳು, ಕ್ಷಮಿಸಿದೆ ಎನ್ನಲಿಲ್ಲ. ನಾನು ಒತ್ತಾಯಿಸಿಲ್ಲ. ತಾಯಿ ಮಗಳ ಎರಡು ಕ್ರಿಸ್ಮಸ್‌ಗಳನ್ನು ನಾನು ಕದ್ದಿದ್ದೇನೆ, ಅವನ್ನು ಯಾವ ಪ್ರಾರ್ಥನೆಯೂ ವಾಪಸ್ ತರುವುದಿಲ್ಲ. ಅಂದು ಸಭೆಯಲ್ಲಿ ಇದ್ದವರಿಗೆ ಇದೆಲ್ಲ ಗೊತ್ತು. ನನ್ನ "ಉತ್ತರ" ಪಡೆದು ಊರು ಬಿಟ್ಟು ಹೋದವರಿಗೆ ಗೊತ್ತಿಲ್ಲ. ಅವರು ಓದಲಿ ಎಂದೇ ಬರೆದೆ.

ಆ ಭಾನುವಾರದ ಒಂದು ಮಾತು ಉಳಿದಿದೆ. ಶೀಲಾ ಬಂದು ಕೂತ ಕೂಡಲೇ ನಾನು ಅರ್ಧ ಎದ್ದಿದ್ದೆ. ಅವಳಿಗೆ ನೀರು ಕೊಡಬೇಕು, ಫ್ಯಾನು ಆ ಕಡೆ ತಿರುಗಿಸಬೇಕು, ಏನಾದರೂ ನಾಲ್ಕು ಮಾತು ಆಡಬೇಕು — ಕಾಲು ತಾನಾಗಿಯೇ ಹೊರಟಿತ್ತು. ಶಾಂತಕ್ಕ ಮಗಳ ಕೈ ಬಿಡದೆ, ಅಲ್ಲಿಂದಲೇ ನನ್ನ ಕಡೆ ನೋಡಿ, "ಕುಂದ್ರು, ಪ್ರೇಮಾ" ಎಂದರು.

ಕೂತೆ.