ಹಿನ್ನೀರಿನಡಿಯ ಎರಡು ಪಾದ

ಆ ಕ್ಯಾಮೆರಾವನ್ನು ನಾನು ಕೊಂಡದ್ದು ಊರೂರು ತಿರುಗುವ ಚಟಕ್ಕೆ. ಅಂಗಿಯ ಕಿಸೆಯಲ್ಲಿ ಹಿಡಿಸುವಷ್ಟು ಸಣ್ಣದು. ಸಮುದ್ರದಲ್ಲಿ ಮುಳುಗಿ ಮೀನಿನ ಚಿತ್ರ ತೆಗೆಯುವ ಹುಚ್ಚು ಹತ್ತಿ, ಅದಕ್ಕೊಂದು ನೀರು ಹೋಗದ ಪಾರದರ್ಶಕ ಪ್ಲಾಸ್ಟಿಕ್ ಪೆಟ್ಟಿಗೆಯನ್ನೂ ತರಿಸಿದ್ದೆ. ಬಸವನ ಬಾಗೇವಾಡಿಯ ಡ್ರಾಯಿಂಗ್ ಮಾಸ್ತರನಿಗೆ ಇದೆಲ್ಲ ಯಾಕೆ ಬೇಕಿತ್ತು ಎಂದು ಶಾಲೆಯಲ್ಲಿ ಎಲ್ಲರೂ ನಕ್ಕರು. ನಗದೆ ಇದ್ದವಳು ನಿಡಗುಂದಿಯ ನನ್ನ ಅಕ್ಕ ಒಬ್ಬಳೇ. ಪೆಟ್ಟಿಗೆಯನ್ನು ಕಣ್ಣಿನ ಹತ್ತಿರ ಹಿಡಿದು ತಿರುವಿ ತಿರುವಿ ನೋಡಿ ಕೇಳಿದಳು:

“ತಮ್ಮಾ, ಇದು ನಮ್ಮ ಹಳೀ ಊರಿನ ನೀರಾಗೂ ನಡೀತೈತೇನೋ?”

ಹಳೆ ಊರೆಂದರೆ ಅವಳ ಗಂಡನ ಊರು. ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿ ಇಪ್ಪತ್ತು ವರ್ಷದ ಮೇಲಾಯಿತು. ಅಲ್ಲಿ ಅವಳ ಮೊದಲ ಮಗಳ ಸಮಾಧಿ ಇದೆ. ಕೂಸು ಎರಡು ವರ್ಷ ಬದುಕಿ ಜ್ವರದಲ್ಲಿ ಹೋಯಿತು. ಆಗ ನಾನು ಧಾರವಾಡದಲ್ಲಿ ಓದುತ್ತಿದ್ದೆ, ಅದನ್ನು ಎತ್ತಿಕೊಂಡದ್ದೇ ಒಂದೋ ಎರಡೋ ಸಲ. ಆ ಊರಿನಲ್ಲಿ ಮಕ್ಕಳನ್ನೆಲ್ಲ ಒಂದೇ ಬೇವಿನಗಿಡದ ಸುತ್ತ ಹೂಳುತ್ತಿದ್ದರು. ಸಮಾಧಿಯ ಮೇಲೆ ಹೆಸರು ಬರೆಸುತ್ತಿರಲಿಲ್ಲ, ಕಲ್ಲಿನಲ್ಲಿ ಎರಡು ಸಣ್ಣ ಪಾದ ಕೆತ್ತಿಸುತ್ತಿದ್ದರು. ಕೂಸಿನದೊಂದು ಫೋಟೊ ಕೂಡ ಇರಲಿಲ್ಲ. ಅಕ್ಕನಿಗೆ ಉಳಿದ ಗುರುತು ಆ ಕಲ್ಲು ಒಂದೇ.

ಆ ವರ್ಷ ಅವಳ ಕಣ್ಣಿನ ನರ ಒಣಗುತ್ತಿದೆ, ವರ್ಷದೊಳಗೆ ಪೂರ್ತಿ ಕತ್ತಲಾಗಬಹುದು ಎಂದು ಡಾಕ್ಟರು ಹೇಳಿದ್ದರು. ಅವಳು ಅಳಲಿಲ್ಲ. “ಕಣ್ಣ ಹೋಗೂದ್ರಾಗ ಒಂದ ಸಲ ಆ ಕಲ್ಲ ನೋಡಬೇಕು” ಎಂದಳು, ಅಷ್ಟೇ.

ಮೇ ತಿಂಗಳಲ್ಲಿ ನೀರು ತಳ ಹಿಡಿಯುತ್ತದೆ. ಅದೇ ಊರಿನವನಾದ ಮೀನು ಹಿಡಿಯುವ ಮುದುಕನೊಬ್ಬ ತನ್ನ ತೆಪ್ಪದಲ್ಲಿ ಕರೆದೊಯ್ಯಲು ಒಪ್ಪಿದ. ಹಿಂದಿನ ದಿನವೇ ಪೆಟ್ಟಿಗೆಯ ರಬ್ಬರ್ ಉಂಗುರವನ್ನು ಕನ್ನಡಕದ ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಕ್ಯಾಮೆರಾ ಒಳಗಿಟ್ಟು ಮುಚ್ಚಿದ್ದೆ. ಆ ಉಂಗುರದ ಮೇಲೆ ಒಂದು ಕೂದಲೆಳೆ ಸಿಕ್ಕಿಕೊಂಡರೂ ನೀರು ಒಳಗೆ ನುಗ್ಗುತ್ತದೆ. ಬಕೆಟ್ಟಿನಲ್ಲಿ ಅರ್ಧ ತಾಸು ಮುಳುಗಿಸಿ ಪರೀಕ್ಷೆಯನ್ನೂ ಮಾಡಿದ್ದೆ.

ಮುಂಜಾನೆ ಅಕ್ಕನನ್ನೂ ತೆಪ್ಪದಲ್ಲಿ ಕೂರಿಸಿಕೊಂಡು ಹೊರಟೆವು. ದಂಡೆಯ ಮೇಲಿನ ಕರೆಂಟ್ ಕಂಬಕ್ಕೂ ಮುರುಕು ಗುಡಿಗೂ ನೇರ ಹಿಡಿದು ಮುದುಕ ತೆಪ್ಪ ನಿಲ್ಲಿಸಿದ. “ಇಲ್ಲೇ ರೀ ಮಾಸ್ತರ್ರ. ಬೇವಿನಗಿಡದ ಬೊಡ್ಡಿ ಕೈಗೆ ಸಿಗತೈತಿ. ಅದರ ಬುಡಕ್ಕಽ ನಿಮ್ಮ ಕಲ್ಲು.”

ಬಾವಿಯಲ್ಲಿ ಈಜು ಕಲಿತವನು ನಾನು, ಉಸಿರು ಬಿಗಿಹಿಡಿದು ಇಳಿದೆ. ಒಂದು ಮೊಳದಾಚೆ ಏನೂ ಕಾಣದ ಹಸಿರು ರಾಡಿ. ಫ್ಲ್ಯಾಶ್ ಹಾಕುವ ಹಾಗಿಲ್ಲ, ಕೆಸರಿನ ಕಣಗಳೇ ಹೊಳೆದು ಚಿತ್ರ ಮುಚ್ಚಿಹೋಗುತ್ತದೆ. ಮೂರನೇ ಸಲ ಮುಳುಗಿದಾಗ ಬೊಡ್ಡೆ ಸಿಕ್ಕಿತು. ಪಕ್ಕದ ಕಲ್ಲಿನ ಕೆಸರು ಬಳಿದೆ. ಬೆರಳಿಗೆ ಪಾದದ ಅಂಚು ಹತ್ತಿತು. ಗುಂಡಿ ಒತ್ತಲು ಹೋದರೆ ಪರದೆ ಒಮ್ಮೆ ನಡುಗಿ ಕಪ್ಪಾಯಿತು.

ಮೇಲೆ ಬಂದು ನೋಡಿದೆ. ಪೆಟ್ಟಿಗೆಯಲ್ಲಿ ಅರ್ಧದಷ್ಟು ನೀರು. ಕ್ಯಾಮೆರಾದ ಹಣೆಯ ಮೇಲೆ ಮೂರು ಬೆರಳ ವಿಭೂತಿ ಕರಗಿ ಹಾಲಿನಂತೆ ಇಳಿಯುತ್ತಿತ್ತು. ಅದರದೇ ಪುಡಿ ಉಂಗುರಕ್ಕೂ ಮೆತ್ತಿಕೊಂಡಿತ್ತು.

“ಯಾರು ತೆಗದಾರ ಇದನ್ನ?”

“ನಾನಽ ತೆಗದೇನೋ ತಮ್ಮಾ. ಮುಂಜಾನೆ ನೀ ಚಹಾ ಕುಡಿಯಾಕತ್ತಿದ್ದಿ. ಮ್ಯಾಲಿನ ಡಬ್ಬಿಗೆ ಹಚ್ಚಿದ್ರ ಏನ ಬಂತು, ನೋಡೂದು ಒಳಗಿಂದಲ್ಲೇನು? ಕೂಸಿನ ಕಡೆ ಹೋಗೂದಕ್ಕ ಬರೀ ಹಣೀಲೆ ಕಳಸ್ತಾರೇನು?”

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. “ನಿನ್ನ ಕೈಯಾರೆ ನೀನಽ ಹಾಳ ಮಾಡಿದಿ! ಬುದ್ಧಿ ಐತೇನು ನಿನಗ?” ಎಂದು ತೆಪ್ಪದ ಅಂಚು ಹಿಡಿದುಕೊಂಡೇ ಒದರಿದೆ.

“ಬಿಡ್ರಿ ಮಾಸ್ತರ್ರ, ಹೆಣ್ಣಮಗಳಿಗೆ ಹಿಂಗ ಬೈತಾರೇನು” ಎಂದು ಮುದುಕ ಗದರಿದ. ಅಕ್ಕ ದಂಡೆ ಮುಟ್ಟುವವರೆಗೂ ಆ ಒದ್ದೆ ಪೆಟ್ಟಿಗೆಯನ್ನು ಸೆರಗಿನಿಂದ ಒರೆಸುತ್ತಲೇ ಇದ್ದಳು. ಆ ಮಾತಿಗಾಗಿ ನನಗೆ ಇಂದಿಗೂ ನಾಚಿಕೆಯಾಗುತ್ತದೆ.

ಬೇರೆ ಕ್ಯಾಮೆರಾ ಹುಡುಕುವಷ್ಟರಲ್ಲಿ ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹಿಡಿದು ಹೊಳೆ ಏರಿತು. ಅಕ್ಕನ ಕಣ್ಣು ಕಾಯಲಿಲ್ಲ. ದಸರೆಗೆ ಸೂಜಿ ಪೋಣಿಸುವುದು ನಿಂತಿತು. ಸಂಕ್ರಮಣಕ್ಕೆ ಎಳ್ಳು ಹಂಚುವಾಗ ಎದುರಿಗಿದ್ದವರ ದನಿ ಕೇಳಿ ಗುರುತು ಹಿಡಿದಳು. ಯುಗಾದಿಗೆ ಬೇವು-ಬೆಲ್ಲದ ಬಟ್ಟಲನ್ನು ನಾನೇ ಅವಳ ಕೈಗೆ ಇಡಬೇಕಾಯಿತು.

ಆದರೂ ಮುಂದಿನ ಮೇ ತಿಂಗಳಲ್ಲಿ ಅದೇ ತರಹದ ಕ್ಯಾಮೆರಾ, ಹೊಸ ಉಂಗುರ ತಂದು ಮತ್ತೆ ಇಳಿದೆ. ಅದೇ ಮುದುಕ, ಅದೇ ಜಾಗ. ನೀರು ಇನ್ನೂ ಇಳಿದಿತ್ತು. ಚಿತ್ರ ಎಷ್ಟು ಚೊಕ್ಕ ಬಂತೆಂದರೆ ಉಗುರಿನ ಗೆರೆ ಸಹಿತ ಕಾಣುತ್ತಿತ್ತು. ಊಟದ ತಾಟಿನಷ್ಟು ದೊಡ್ಡದಾಗಿ ಪ್ರಿಂಟ್ ಹಾಕಿಸಿ ನಿಡಗುಂದಿಗೆ ಓಡಿದೆ. ಕಾಣದಿದ್ದರೂ ನಾನು ಹೇಳುತ್ತೇನೆ, ಅವಳು ಕೇಳುತ್ತಾಳೆ ಎಂಬ ಆಸೆ.

ಅವಳು ಅದನ್ನು ತೊಡೆಯ ಮೇಲಿಟ್ಟುಕೊಂಡು ಅಂಗೈಯಾಡಿಸಿದಳು. ನುಣುಪಾದ ಕಾಗದದಲ್ಲಿ ಅವಳಿಗೆ ಏನು ಸಿಗಬೇಕು?

“ಎಡಗಾಲಿಗೆ ಬೆರಳ ಎಷ್ಟ ಅದಾವ, ಎಣಿಸು.”

ನಾನು ಹುರುಪಿನಿಂದ ಎಣಿಸಿದೆ. “ಐದೂ ಅದಾವಕ್ಕಾ. ಒಂದೂ ಸವೆದಿಲ್ಲ.”

ಅವಳ ಕೈ ನಿಂತಿತು.

“ನನ್ನ ಕೂಸಿಗೆ ನಾಕಽ ಇದ್ದುವು. ಹುಟ್ಟತಾನಽ ಕಿರಿಬೆರಳ ಇರಲಿಲ್ಲ. ಹೆಣ್ಣ ಕೂಸು, ಮಂದಿ ಆಡಿಕೊಂಡಾರಂತ ಯಾರಿಗೂ ಹೇಳಿರಲಿಲ್ಲ. ಕಲ್ಲ ಕೆತ್ತಾವಗ ಅಷ್ಟಽ ಹೇಳಿದ್ದೆ, ನಾಕಽ ಕೆತ್ತಪ್ಪಾ ಅಂತ. ಕಣ್ಣಿದ್ದಾಗ ನೋಡಿದ್ರ ನಾನಽ ಹೇಳ್ತಿದ್ದೆ, ಇದಲ್ಲ, ಬಾಜೂಕಿಂದು ನೋಡು ಅಂತ.”

“ನಾಳೆ ಮತ್ತ ಇಳೀತೇನಿ” ಎಂದೆ.

“ಇಳಿದು ಯಾರಿಗೆ ತೋರಸ್ತಿ?” ಎಂದಳು. ಫೋಟೊವನ್ನು ಸೆರಗಿನಿಂದ ಒರೆಸಿ ನನ್ನ ಕಡೆ ಚಾಚಿದಳು. “ಇದು ಯಾರ ಕೂಸೋ ಏನೋ. ಅವರವ್ವಗ ಕಣ್ಣ ಇದ್ರ ಒಯ್ದು ತೋರಿಸು.”